ನಕ್ಷತ್ರ ನೋಡಲು ಒಣ ಬೆಟ್ಟವೇ ಏಕೆ?



ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಒಂದು ಕೇಂದ್ರವಿದೆ. ಅಲ್ಲಿ ಕುಳಿತವರು ರಾತ್ರಿ ಹೊತ್ತು ಒಂದು ದೊಡ್ಡ ದೂರದರ್ಶಕವನ್ನು ನಡೆಸುತ್ತಾರೆ. ಆದರೆ ದೂರದರ್ಶಕ ಅಲ್ಲಿಲ್ಲ! ಅದಿರುವುದು ಲಡಾಖಿನ ಹಾನ್ಲೆ ಎಂಬ ಊರಿನ ಬೆಟ್ಟದ ಮೇಲೆ, ಸುಮಾರು 4,500 ಮೀಟರು ಎತ್ತರದಲ್ಲಿ. ಅಪ್ಪಣೆಗಳೆಲ್ಲ ಉಪಗ್ರಹದ ಮೂಲಕ ಹೋಗುತ್ತವೆ. 2000ನೆಯ ಇಸವಿಯಲ್ಲಿ ಮೊದಲ ಬಾರಿ ಆಕಾಶ ನೋಡಿದ ಈ ಯಂತ್ರದ ಕನ್ನಡಿಯ ಅಗಲ 2 ಮೀಟರು. ಹೊಸಕೋಟೆಯಲ್ಲಿಯೇ ನಿಲ್ಲಿಸಿದ್ದರೆ ಖರ್ಚು ಉಳಿಯುತ್ತಿರಲಿಲ್ಲವೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಮೊದಲನೆಯ ಅಡ್ಡಿ ಮೋಡ. ಮಳೆಗಾಲದಲ್ಲಿ ನಮ್ಮಲ್ಲಿ ನಕ್ಷತ್ರ ಕಾಣುವ ರಾತ್ರಿಗಳೆಷ್ಟು? ಹಾನ್ಲೆಗೆ ಮುಂಗಾರನ್ನು ಹಿಮಾಲಯವೇ ತಡೆಯುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮಗಳು ಕೂಡಿ 10 ಸೆಂಟಿಮೀಟರು ದಾಟುವುದಿಲ್ಲ. ಬೆಳೆಗೆ ಶಾಪ, ಕನ್ನಡಿಗೆ ವರ.

ಎರಡನೆಯದು ಕಣ್ಣಿಗೆ ಕಾಣದ ತೇವ. ಇದನ್ನು ರೈತರು ಬೇಗ ಗ್ರಹಿಸಬಲ್ಲರು. ಮೋಡ ಮುಚ್ಚಿದ ರಾತ್ರಿ ಇಬ್ಬನಿ ಬೀಳುವುದು ಕಡಿಮೆ. ತಿಳಿಯಾದ ಒಣ ರಾತ್ರಿಯಲ್ಲಿ ಚಳಿ ಹೆಚ್ಚು. ಏಕೆಂದರೆ ನೆಲದಿಂದ ಏಳುವ ಶಾಖದ ಕಿರಣಗಳನ್ನು ಮೋಡವೂ ಗಾಳಿಯ ತೇವವೂ ಕಂಬಳಿಯಂತೆ ತಡೆಯುತ್ತವೆ. ಅದೇ ಕಂಬಳಿ ನಕ್ಷತ್ರಗಳಿಂದ ಇಳಿದು ಬರುವ ಶಾಖದ ಕಿರಣಗಳನ್ನೂ ತಡೆಯುತ್ತದೆ. ಧೂಳಿನೊಳಗೆ ಹುಟ್ಟುತ್ತಿರುವ ಎಳೆಯ ನಕ್ಷತ್ರಗಳು ಆ ಕಿರಣಗಳಲ್ಲೇ ಕಾಣುವಂಥವು. ತೇವವೆಲ್ಲ ಹೆಚ್ಚಾಗಿ ಗಾಳಿಯ ಕೆಳಪದರದಲ್ಲಿರುವುದರಿಂದ ಎತ್ತರಕ್ಕೆ ಏರಿದಷ್ಟೂ ಕಂಬಳಿ ತೆಳುವಾಗುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಸುಮಾರು 5,000 ಮೀಟರು ಎತ್ತರದಲ್ಲಿ ಆಲ್ಮಾ ಎಂಬ ವೀಕ್ಷಣಾಲಯದ 66 ಆಂಟೆನಾಗಳನ್ನು ನಿಲ್ಲಿಸಿರುವುದು ಇದಕ್ಕಾಗಿಯೇ. ಅಲ್ಲಿ ದುಡಿಯುವವರಿಗೆ ಉಸಿರಾಟಕ್ಕೆ ಆಮ್ಲಜನಕ ಬೇಕಾಗುತ್ತದೆ.

ಇನ್ನು ನಕ್ಷತ್ರದ ಮಿನುಗು. ನಮಗೆ ಅದು ಚೆಂದ, ಖಗೋಳ ವಿಜ್ಞಾನಿಗೆ ತಲೆನೋವು. ಹರಿಯುವ ಕಾಲುವೆಯ ತಳದ ಕಲ್ಲು ಅಲುಗಿದಂತೆ ಕಾಣುವುದಷ್ಟೆ? ಬಿಸಿ, ತಂಪು ಗಾಳಿಗಳು ಕಲೆತು ಕದಡಿದಾಗ ನಕ್ಷತ್ರವೂ ಹಾಗೆಯೇ ಅಲುಗುತ್ತದೆ. ಆದ್ದರಿಂದ ಬರಿಯ ಎತ್ತರ ಸಾಲದು, ಗಾಳಿ ನಯವಾಗಿ ಹರಿಯಬೇಕು. ಅಟಕಾಮಾದ ಕರಾವಳಿಯ ಪಕ್ಕದಲ್ಲಿ ತಣ್ಣನೆಯ ಸಮುದ್ರಪ್ರವಾಹವಿದೆ. ಅದರ ಮಂಜು, ಮೋಡ ಕೆಳಗೇ ಉಳಿಯುತ್ತವೆ. 2,635 ಮೀಟರು ಎತ್ತರದ ಪರಾನಾಲ್ ಬೆಟ್ಟ ಅದರ ಮೇಲೆ ನಿಂತಿದೆ, ಅಲ್ಲಿ 8.2 ಮೀಟರು ಅಗಲದ ಕನ್ನಡಿಗಳುಳ್ಳ ನಾಲ್ಕು ದೂರದರ್ಶಕಗಳಿವೆ.

ಕೊನೆಯದು ಕತ್ತಲೆ. ಇದನ್ನು ಕೆಡಿಸುವವರು ಮನುಷ್ಯರೇ. ಮೇಲ್ಮುಖವಾಗಿ ಉರಿಯುವ ದೀಪಗಳು ಆಕಾಶವನ್ನೇ ಬೆಳಗಿಸಿ ಮಸುಕಾದ ನಕ್ಷತ್ರಗಳನ್ನು ಅಳಿಸಿಬಿಡುತ್ತವೆ. (ದಾರಿಗೆ ಬೀಳದ ಆ ಬೆಳಕಿಗೂ ಪಂಚಾಯಿತಿಯೇ ಹಣ ತೆರುತ್ತದೆಂಬುದು ಬೇರೆ ಮಾತು.) 2022ರಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರು ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಮನೆಯ ಕಿಟಕಿಗಳಿಗೆ ಪರದೆ ಬೇಕು, ದೀಪ ಕೆಳಮುಖವಾಗಿರಬೇಕು. ಕತ್ತಲೆಗೆ ಒಪ್ಪಿದ ಹಳ್ಳಿಗರಿಗೆ ಪ್ರತಿಫಲವೂ ಉಂಟು. ಊರಿನ ಕೆಲವು ಯುವಕ ಯುವತಿಯರಿಗೆ ತರಬೇತಿಯನ್ನೂ ಸಣ್ಣ ದೂರದರ್ಶಕಗಳನ್ನೂ ಕೊಡಲಾಗಿದೆ; ಬಂದ ಪ್ರವಾಸಿಗರಿಗೆ ಆಕಾಶ ತೋರಿಸಿ ಅವರು ಸಂಪಾದನೆ ಮಾಡುತ್ತಿದ್ದಾರೆ.