ಸೂಜಿಗೆ ಮುಂಚೆ ಕಾರಣ ಕೇಳು

ನೋಡಪ್ಪ, ನೀನು ಕಳಿಸಿದ ರಕ್ತಪರೀಕ್ಷೆಯ ವರದಿ ನೋಡಿದೆ. ಟೆಸ್ಟೋಸ್ಟೆರಾನ್ 268, ಪಕ್ಕದಲ್ಲಿ ಕಡಿಮೆ ಎಂದು ಕೆಂಪು ಗುರುತು. ಜಿಮ್ಮಿನಲ್ಲಿ ಯಾರೋ ಇಂಜೆಕ್ಷನ್ ತಗೋ, ತಿಂಗಳಲ್ಲಿ ಸರಿಹೋಗುತ್ತೆ ಅಂದರಂತೆ. ತಗೊಳ್ಳುವ ಮುಂಚೆ ಮಾವನನ್ನು ಒಂದು ಮಾತು ಕೇಳಬೇಕು ಅನ್ನಿಸಿತಲ್ಲ, ನನಗೆ ಅಷ್ಟು ಸಾಕು. ಸಕ್ಕರೆ, ಬಿಪಿ ಬಂದರೆ ಊರಿಗೆಲ್ಲ ಹೇಳುವ ಗಂಡಸರು ಇದೊಂದನ್ನು ಮಾತ್ರ ಒಳಗೇ ಇಟ್ಟುಕೊಂಡು ಕೊರಗುತ್ತಾರೆ.

ನಾನು ಡಾಕ್ಟರಲ್ಲ. ಆದರೆ ಲ್ಯಾಬಿನಲ್ಲೇ ಆಯಸ್ಸು ಕಳೆದವನು, ಹಾಗಾಗಿ ಮೊದಲು ಆ ಸಂಖ್ಯೆಯ ಮಾತು. ವರದಿಯ ಮೇಲೆ ರಕ್ತ ತೆಗೆದ ಹೊತ್ತು ಬರೆದಿದೆ: ಮಧ್ಯಾಹ್ನ ಮೂರೂ ಮುಕ್ಕಾಲು. ಅಷ್ಟು ಹೊತ್ತಿಗೆ ನಿನ್ನ ಊಟವೂ ಆಗಿತ್ತು. ಈ ಹಾರ್ಮೋನು ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗ್ಗೆ ಏರಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಊಟವಾದ ಮೇಲೂ ಇಳಿಯುತ್ತದೆ. ಅದಕ್ಕೇ ಬೆಳಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ಕೊಡಬೇಕು. ಎರಡು ಸಲವೂ ಕಡಿಮೆ ಬಂದರೆ ಮಾತ್ರ ಕಡಿಮೆ ಅನ್ನಬಹುದು. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಗೆರೆ ಎಳೆದಿದೆ. ಆದರೆ ಆ ಗೆರೆಗಿಂತ ಕೆಳಗಿದ್ದವರೆಲ್ಲ ರೋಗಿಗಳಲ್ಲ. ಲಕ್ಷಣವೂ ಇರಬೇಕು, ಸಂಖ್ಯೆಯೂ ಕಡಿಮೆ ಇರಬೇಕು.

ಜ್ವರ ಬಂದು ಎದ್ದವನು ಆ ವಾರ ಈ ಪರೀಕ್ಷೆ ಮಾಡಿಸಬಾರದು. ಕೂದಲು ಉದುರುತ್ತದೆ ಅಂತ ನೀನು ಬಯೋಟಿನ್ ಮಾತ್ರೆ ನುಂಗುತ್ತಿದ್ದೀಯಲ್ಲ, ಅದನ್ನೂ ರಕ್ತ ಕೊಡುವ ಎರಡು ಮೂರು ದಿನ ಮುಂಚೆ ನಿಲ್ಲಿಸು. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಹಾರ್ಮೋನಿನ ಲೆಕ್ಕವನ್ನೇ ತಪ್ಪಿಸುತ್ತದೆ. ಇನ್ನು ನಿನ್ನ ರಾತ್ರಿ ಪಾಳಿ. ಷಿಕಾಗೋ ವಿಶ್ವವಿದ್ಯಾಲಯದವರು ಆರೋಗ್ಯವಂತ ಹುಡುಗರಿಗೆ ಒಂದು ವಾರ ದಿನಕ್ಕೆ ಐದೇ ಗಂಟೆ ನಿದ್ದೆ ಕೊಟ್ಟು ನೋಡಿದರು. ಹಗಲಿನ ಟೆಸ್ಟೋಸ್ಟೆರಾನ್ ನೂರಕ್ಕೆ 10ರಿಂದ 15ರಷ್ಟು ಇಳಿದಿತ್ತು. 2011ರಲ್ಲಿ ಪ್ರಕಟವಾದ ಆ ಅಧ್ಯಯನ ಹತ್ತೇ ಜನರ ಮೇಲೆ ನಡೆದದ್ದು, ಸಣ್ಣದು ನಿಜ. ಆದರೂ ಅಮೆರಿಕದ ಹೊತ್ತಿಗೆ ಬೆಂಗಳೂರಿನಲ್ಲಿ ಕೂತು ದುಡಿಯುವ ನಿನ್ನಂಥವನು ಅದನ್ನು ಗಮನಿಸಲೇಬೇಕು.

ಈಗ ಇಂಜೆಕ್ಷನ್ನಿನ ವಿಷಯ. ನನಗೆ ಭಯ ಇರುವುದು ಇಲ್ಲೇ. ಮದುವೆಯಾಗಿ ಮೂರು ವರ್ಷ, ಮಗುವಿಗಾಗಿ ಇಬ್ಬರೂ ಕಾಯುತ್ತಿದ್ದೀರಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿಸಿಕೊಂಡರೆ ವೀರ್ಯಾಣು ಕಡಿಮೆಯಾಗುತ್ತದೆ, ಎಷ್ಟೋ ಜನರಲ್ಲಿ ಪೂರಾ ನಿಂತೇಹೋಗುತ್ತದೆ. ಇದನ್ನು ಜಿಮ್ಮಿನಲ್ಲಿ ಯಾರೂ ಹೇಳುವುದಿಲ್ಲ. ಹೇಗೆ ಅಂದರೆ, ಮೆದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಒಂದು ಪುಟ್ಟ ಗ್ರಂಥಿ ಇದೆ. ಅದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸಿ ವೃಷಣವನ್ನು ಕೆಲಸಕ್ಕೆ ಹಚ್ಚುತ್ತದೆ. ಎಲ್‌ಎಚ್ ಬಂದರೆ ಟೆಸ್ಟೋಸ್ಟೆರಾನ್ ತಯಾರಾಗುತ್ತದೆ, ಎಫ್‌ಎಸ್‌ಎಚ್ ಜೊತೆ ಸೇರಿದರೆ ವೀರ್ಯಾಣು. ನಿಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿಗೆ ಸೆನ್ಸರ್ ಹಾಕಿಸಿದ್ದೀಯಲ್ಲ, ಟ್ಯಾಂಕರಿನವನು ನೀರು ತುಂಬಿಸಿದರೆ ಬೋರಿನ ಮೋಟರು ತಾನಾಗಿ ನಿಂತುಬಿಡುತ್ತದೆ. ಇಲ್ಲೂ ಹಾಗೇ. ರಕ್ತದಲ್ಲಿ ಹೊರಗಿನ ಟೆಸ್ಟೋಸ್ಟೆರಾನ್ ತುಂಬಿದ್ದು ಕಂಡ ಕೂಡಲೇ ಪಿಟ್ಯುಟರಿ ಸುಮ್ಮನಾಗುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಬೇಕು. ಅದು ಸೂಜಿಯಿಂದ ಬರುವಂಥದ್ದಲ್ಲ, ಅಲ್ಲೇ ತಯಾರಾಗಬೇಕು. ಸೂಜಿ ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಕೆಲವರಿಗೆ ವರ್ಷ ದಾಟುತ್ತದೆ. ವರ್ಷಗಟ್ಟಲೆ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಮೈಕಟ್ಟು ಬೆಳೆಸಿದ ಹುಡುಗರ ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬರೆಯುವಾಗ ನನ್ನ ಕೈ ತಡೆಯುತ್ತಿತ್ತು.

ಆದ್ದರಿಂದ ಕಡಿಮೆ ಅಂತ ಖಾತ್ರಿಯಾದ ಮೇಲೂ ಮುಂದಿನ ಪ್ರಶ್ನೆ ಔಷಧದ್ದಲ್ಲ, ಯಾಕೆ ಕಡಿಮೆ ಎಂಬುದು. ಅದಕ್ಕೆ ಎಲ್‌ಎಚ್, ಎಫ್‌ಎಸ್‌ಎಚ್ ನೋಡಬೇಕು. ಅವೆರಡೂ ಏರಿದ್ದರೆ ಮೇಲಿನಿಂದ ಕರೆ ಬರುತ್ತಿದೆ, ವೃಷಣದ ಕೈಯಲ್ಲಿ ಆಗುತ್ತಿಲ್ಲ ಅಂತ ಅರ್ಥ. ದೊಡ್ಡವನಾದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿದ್ದಿರಬಹುದು, ಮಗುವಾಗಿದ್ದಾಗ ವೃಷಣ ಚೀಲಕ್ಕೆ ಇಳಿಯದೇ ಉಳಿದಿದ್ದಿರಬಹುದು. ಕ್ಲೈನ್‌ಫೆಲ್ಟರ್ ಎಂಬ ಸ್ಥಿತಿಯೂ ಇದೆ. ಅಲ್ಲಿ ಹುಟ್ಟುವಾಗಲೇ ಒಂದು ಎಕ್ಸ್ ಕ್ರೋಮೋಸೋಮು ಹೆಚ್ಚಿಗೆ ಇರುತ್ತದೆ. 1942ರಲ್ಲೇ ವಿವರಿಸಿದ ಸಂಗತಿ ಇದು, ಅಷ್ಟೇನೂ ಅಪರೂಪವಲ್ಲ. ಆದರೆ ಎಷ್ಟೋ ಜನರಿಗೆ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗಲೇ ಗೊತ್ತಾಗುವುದು. ಅದು ಯಾರ ತಪ್ಪೂ ಅಲ್ಲ, ಅವರ ಗಂಡಸುತನಕ್ಕೆ ಬಂದ ಕುಂದೂ ಅಲ್ಲ.

ಎಲ್‌ಎಚ್ ಏರದೆ ಟೆಸ್ಟೋಸ್ಟೆರಾನ್ ಮಾತ್ರ ಇಳಿದಿದ್ದರೆ ತೊಂದರೆ ಮೇಲೆಯೇ ಇದೆ. ಆಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ನೋಡಲೇಬೇಕು. ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆ ಬೆಳೆದು ಪ್ರೊಲ್ಯಾಕ್ಟಿನ್ ಏರಿದ್ದರೆ ಆಸೆ ತಗ್ಗುತ್ತದೆ, ತಲೆನೋವು ಬರುತ್ತದೆ, ಗಡ್ಡೆ ದೊಡ್ಡದಾದರೆ ಅಕ್ಕಪಕ್ಕದ ನೋಟ ಮಂಕಾಗುತ್ತದೆ. ಇದು ಹೆಚ್ಚಿನವರಲ್ಲಿ ಕ್ಯಾಬರ್ಗೋಲಿನ್ ಮಾತ್ರೆಯಿಂದಲೇ ಹಿಡಿತಕ್ಕೆ ಬರುತ್ತದೆ, ಟೆಸ್ಟೋಸ್ಟೆರಾನ್ ಕೂಡ ಎಷ್ಟೋ ಸಲ ತಾನಾಗಿ ಏರುತ್ತದೆ. ಅಂಥವನಿಗೆ ಬರೀ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಗಡ್ಡೆ ಅಲ್ಲೇ ಉಳಿಯುತ್ತದೆ. ಮೇಲಿನ ತೊಂದರೆಯಿಂದಲೇ ಹದಿನಾರು ಹದಿನೇಳಾದರೂ ದನಿ ಒಡೆಯದೆ, ಮೀಸೆ ಬಾರದೆ, ಮಲ್ಲಿಗೆಯ ವಾಸನೆಯೂ ತಿಳಿಯದ ಹುಡುಗರಿರುತ್ತಾರೆ. ಅದಕ್ಕೆ ಕಾಲ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ತಡವಾಗಿ ಬೆಳೆಯುತ್ತಾನೆ ಬಿಡಿ ಅಂತ ಕಾಯುತ್ತಾ ಕೂರದೆ ಎಂಡೋಕ್ರೈನ್ ತಜ್ಞರಿಗೆ ತೋರಿಸಬೇಕು.

ನಿನ್ನದು ಬಹುಶಃ ಇವು ಯಾವುವೂ ಅಲ್ಲ. ನಾಲ್ಕು ವರ್ಷದಲ್ಲಿ ಹೊಟ್ಟೆ ಬಂದಿದೆ, ಸಕ್ಕರೆ ಅಂಚಿನಲ್ಲಿದೆ, ಗೊರಕೆಗೆ ನಿನ್ನ ಹೆಂಡತಿ ಹೆದರಿ ಎಬ್ಬಿಸುತ್ತಾಳೆ. ಬೊಜ್ಜು, ಟೈಪ್ 2 ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವು ಟೆಸ್ಟೋಸ್ಟೆರಾನ್ ಕಡಿಮೆಯಾಗುವುದರ ಜೊತೆಗೇ ಕಾಣಿಸಿಕೊಳ್ಳುತ್ತವೆ. ಬೊಜ್ಜಿರುವವರಲ್ಲಿ ಹಾರ್ಮೋನನ್ನು ರಕ್ತದಲ್ಲಿ ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಇಳಿದಿರುತ್ತದೆ, ಆಗ ಒಟ್ಟು ಲೆಕ್ಕ ನಿಜಕ್ಕಿಂತ ಕಡಿಮೆ ಕಾಣಬಹುದು. ಅಂಥವರಿಗೆ ಪ್ರೋಟೀನಿಗೆ ಅಂಟಿಕೊಳ್ಳದ ಫ್ರೀ ಟೆಸ್ಟೋಸ್ಟೆರಾನ್ ಲೆಕ್ಕ ಹಾಕಿ ನೋಡಬೇಕು. ತೂಕ ಇಳಿದರೆ ಹಾರ್ಮೋನು ಏರುತ್ತದೆ. ಎಷ್ಟು ಇಳಿಸುತ್ತೀಯೋ ಅಷ್ಟು ಅನುಕೂಲ.

ಸುಸ್ತು ಅಂದೆ. ಸುಸ್ತಿಗೆ ನೂರು ಕಾರಣ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸು, ಮನಸ್ಸಿಗೆ ಮಂಕು ಕವಿದಿದೆಯಾ ಅದನ್ನೂ ಡಾಕ್ಟರ ಹತ್ತಿರ ಹೇಳು. ಟೆಸ್ಟೋಸ್ಟೆರಾನ್ ಕೊರತೆಯ ಗುರುತು ಬೇರೆ: ಬೆಳಗಿನ ನಿಮಿರುವಿಕೆ ನಿಂತುಹೋಗುವುದು, ಆಸೆಯೇ ಹುಟ್ಟದಿರುವುದು, ಗಡ್ಡ ಬೋಳಿಸುವ ಅಗತ್ಯ ಕಡಿಮೆಯಾಗುವುದು, ಎದೆ ಬೆಳೆಯುವುದು, ಮೂಳೆ ಸವೆಯುವುದು. ಯುರೋಪಿನಲ್ಲಿ 40ರಿಂದ 79 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ನೋಡಿ 2010ರಲ್ಲಿ ವರದಿ ಮಾಡಿದರು. ಲಕ್ಷಣವೂ ಸಂಖ್ಯೆಯೂ ಕೂಡಿಬಂದವರು ನೂರಕ್ಕೆ ಇಬ್ಬರು. ಆಸೆ ಇದ್ದೂ ನಿಮಿರುವಿಕೆ ಮಾತ್ರ ಬರದಿದ್ದರೆ ಎಷ್ಟೋ ಸಲ ಕಾರಣ ರಕ್ತನಾಳದಲ್ಲಿರುತ್ತದೆ. ಹೃದಯದ ಕಾಯಿಲೆಗೆ ಕೆಲವು ವರ್ಷ ಮೊದಲೇ ಅದು ಕಾಣಿಸಿಕೊಳ್ಳುವುದುಂಟು, ಅದನ್ನು ಕಡೆಗಣಿಸಬಾರದು.

ಧಾತು ಹೋಯಿತು, ನರದೌರ್ಬಲ್ಯ ಅಂತ ಗೋಡೆಯ ಮೇಲೆ ಬರೆಸಿ, ಲಾಡ್ಜಿನಲ್ಲಿ ಕೂತು ಔಷಧ ಕೊಡುವವರ ಹತ್ತಿರ ಮಾತ್ರ ಹೋಗಬೇಡ. ವೀರ್ಯ ಹೋದರೆ ಶಕ್ತಿ ಹೋಯಿತೆಂಬ ಭಯ ನಮ್ಮ ದೇಶದ ಗಂಡಸರನ್ನು ಎಷ್ಟು ಕಾಡುತ್ತದೆ ಅಂದರೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಅದಕ್ಕೆ ಧಾತ್ ಸಿಂಡ್ರೋಮ್ ಎಂದೇ ಹೆಸರಿಟ್ಟರು. ವೀರ್ಯ ಹೋಗುವುದರಿಂದ ಟೆಸ್ಟೋಸ್ಟೆರಾನ್ ಖಾಲಿಯಾಗುವುದಿಲ್ಲ. ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಅದನ್ನು ತಗೊಂಡರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ.

ನಿಜವಾಗಿ ಕೊರತೆ ಇರುವವರಿಗೆ ಚಿಕಿತ್ಸೆ ಒಳ್ಳೆಯದೇ, ಅದಕ್ಕೆ ನಾಚಬೇಕಾಗಿಲ್ಲ. ದಿನಾ ಹಚ್ಚುವ ಜೆಲ್ ಇದೆ, ಎರಡು ಮೂರು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, 10ರಿಂದ 14 ವಾರಕ್ಕೊಮ್ಮೆ ಕೊಡುವ ಅಂಡೆಕನೊಯೇಟ್ ಇದೆ. ಜೆಲ್ ಹಚ್ಚಿದ ಜಾಗ ಹೆಂಡತಿ ಮಕ್ಕಳಿಗೆ ತಾಗಬಾರದು. ರಕ್ತ ಗಟ್ಟಿಯಾಗುತ್ತದೋ ಎಂದು ಹೆಮಟೋಕ್ರಿಟ್ ನೋಡುತ್ತಿರಬೇಕು, ಅದು ನೂರಕ್ಕೆ 54 ದಾಟಿದರೆ ಔಷಧ ನಿಲ್ಲಿಸುತ್ತಾರೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಸಲುವಾಗಿ ಪಿಎಸ್‌ಎ ನೋಡುತ್ತಾರೆ. ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2023ರಲ್ಲಿ ಹೊರಬಂದ ಟ್ರಾವರ್ಸ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶಕ್ಕೆ ರಕ್ತಹೆಪ್ಪು ಹೋಗುವುದು ಸ್ವಲ್ಪ ಹೆಚ್ಚು ಕಂಡವು. ಮಗು ಬೇಕೆನ್ನುವವರಿಗೆ ದಾರಿ ಬೇರೆ ಇದೆ. ತೊಂದರೆ ಪಿಟ್ಯುಟರಿಯದ್ದಾದರೆ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್ ಕೊಟ್ಟು ವೃಷಣವನ್ನೇ ಎಬ್ಬಿಸುತ್ತಾರೆ.

ಈ ವಾರ ಪಾಳಿ ಇಲ್ಲದ ದಿನ ನೋಡಿಕೊಂಡು, ಚೆನ್ನಾಗಿ ಮಲಗಿ ಎದ್ದು ಬೆಳಗ್ಗೆ ರಕ್ತ ಕೊಡು. ಮುಂದಿನ ವಾರ ಇನ್ನೊಂದು ಸಲ. ವೀರ್ಯ ಪರೀಕ್ಷೆಯೂ ಆಗಲಿ, ಅದಕ್ಕೆ ಎರಡರಿಂದ ಏಳು ದಿನ ಸಂಯಮ ಬೇಕು. ಆಮೇಲೆ ಎಂಡೋಕ್ರೈನ್ ತಜ್ಞರ ಹತ್ತಿರ ಹೋಗುವಾಗ ಜಿಮ್ಮಿನಲ್ಲಿ ಕೊಟ್ಟ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡು. ಹೆಂಡತಿಯನ್ನೂ ಕರೆದುಕೊಂಡು ಹೋಗು. ನಿನ್ನ ಗೊರಕೆ ಹೇಗಿರುತ್ತದೆ ಅಂತ ಡಾಕ್ಟರಿಗೆ ಹೇಳಬಲ್ಲವಳು ಅವಳೊಬ್ಬಳೇ.