‘ಇದ್ದಂತೆಯೇ’ ಎಂದರೆ ಯಾವ ಇಸವಿಯಂತೆ? ಎಂಟನೇ ತರಗತಿಯ ಒಂದು ಪಾಠ
ಚನ್ನಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಪರಂಪರೆಯ ಸಂರಕ್ಷಣೆಯ ಪಾಠಕ್ಕೆ ರೈಲು ನಿಲ್ದಾಣವನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಪಾಠ ಯೋಜನೆಯಲ್ಲಿ ‘ಹಳೆಯ ನಿಲ್ದಾಣವನ್ನು ಇದ್ದಂತೆಯೇ ಉಳಿಸಬೇಕೆಂದು ವಿದ್ಯಾರ್ಥಿಗಳು ತಿಳಿಯುವರು’ ಎಂದು ಉದ್ದೇಶ ಬರೆದಿದ್ದೆ. ತರಗತಿಯ ನಡುವೆಯೇ ಆ ವಾಕ್ಯ ಕೈಕೊಟ್ಟಿತು.

ಪೂರ್ವಜ್ಞಾನ ಪರೀಕ್ಷಿಸಿದಾಗ ಹಲವರ ಮನೆಯಲ್ಲಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು ಇದ್ದರು. ಕನಕಪುರದಿಂದ ಬಂದ ಹುಡುಗನೊಬ್ಬ ಮಾತ್ರ, “ನಮ್ಮೂರಿಗೆ ರೈಲೇ ಇಲ್ಲ ಮಿಸ್” ಎಂದ. ಮಾಗಡಿ ಪಟ್ಟಣಕ್ಕೂ ಇಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ರೈಲು ಬಂದದ್ದು ಹೇಗೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. 1876–78ರ ಬರಗಾಲದ ನಂತರದ ವರ್ಷಗಳಲ್ಲಿ, 1881ರಲ್ಲಿ ಚನ್ನಪಟ್ಟಣದವರೆಗೆ, 1882ರಲ್ಲಿ ಮೈಸೂರಿನವರೆಗೆ ಮಾರ್ಗ ತೆರೆಯಿತು ಎಂದು ತಿಳಿಸಿದೆ.

ಅದು ಮೀಟರ್ ಗೇಜ್. ಹಗ್ಗ ಹಿಡಿದು ನೆಲದ ಮೇಲೆ ಸೀಮೆಸುಣ್ಣದಿಂದ 1 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಸಿದೆ. ಪಕ್ಕದಲ್ಲಿ ಇಂದಿನ ಬ್ರಾಡ್‌ಗೇಜಿನ 1.676 ಮೀಟರ್. ನಾಲ್ವರು ಒಳಗೆ ನಿಂತು ನೋಡಿದರು. ಹಳಿ ಅಗಲವಾಯಿತು, ಜೋಡಿಯಾಯಿತು, ಮೇಲೆ ವಿದ್ಯುತ್ ತಂತಿಯೂ ಬಂತು. ಆಗ ಹಿಂದಿನ ಬೆಂಚಿನ ಹುಡುಗಿ, “ಇದ್ದಂತೆಯೇ ಅಂದ್ರೆ ಯಾವಾಗ ಇದ್ದಂಗೆ ಮಿಸ್? ಪ್ಲಾಟ್‌ಫಾರಂ ಕೆಳಗಿದ್ರೆ ನಮ್ಮಜ್ಜಿ ಹತ್ತಕ್ಕಾಗಲ್ಲ” ಎಂದಳು.

ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 76ರಿಂದ 84 ಸೆಂ.ಮೀ. ಇರುತ್ತದೆ. ಗೋಡೆಯ ಮೇಲೆ ಗುರುತು ಹಾಕಿ ಎಲ್ಲರಿಗೂ ತೋರಿಸಿದೆ. ಆದರೆ ಹಳೆಯ ಕಟ್ಟಡದ ಮುಂದೆ ಪ್ಲಾಟ್‌ಫಾರಮನ್ನು ಹಾಗೇ ಏರಿಸುತ್ತಾ ಹೋದರೆ ಹೊಸ್ತಿಲು ತಗ್ಗಿಗೆ ಬೀಳುತ್ತದೆ. ಮಳೆನೀರು ಒಳನುಗ್ಗುತ್ತದೆ, ಗೋಡೆ ಥಂಡಿ ಹಿಡಿಯುತ್ತದೆ. ಹಾಗಾದರೆ ಏನು ಮಾಡಬೇಕು? ಕಪ್ಪುಹಲಗೆಯ ಮೇಲೆ ಅಡ್ಡಸೀಳಿನ ಚಿತ್ರ ಬರೆದು ಮಕ್ಕಳನ್ನೇ ಕೇಳಿದೆ. ಹಳಿಯ ಕಡೆ ಎತ್ತರಿಸಿ, ಕಟ್ಟಡದ ಕಡೆಗೆ ಇಳಿಜಾರು ಕೊಟ್ಟು, ನಡುವೆ ಚರಂಡಿ ಇಡಬಹುದು ಎಂದು ಇಬ್ಬರು ತಾವೇ ಹೇಳಿದರು. ಅಜ್ಜಿಗೂ ದಾರಿ, ಗೋಡೆಗೂ ಉಸಿರು!

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಚಿತ್ರವನ್ನು ಆಮೇಲೆ ತೋರಿಸಿದೆ. 1887ರಲ್ಲಿ ಪೂರ್ಣಗೊಂಡ ಅದು 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಲೋಕಲ್ ರೈಲುಗಳ ನೂಕುನುಗ್ಗಲು ಅಲ್ಲಿ ಇಂದಿಗೂ ಇದೆ. ಈ ಚಿತ್ರವನ್ನು ಪೀಠಿಕೆಯಲ್ಲೇ ತೋರಿಸಬೇಕೆಂದು ಮೊದಲು ಯೋಜಿಸಿದ್ದೆ. ಊರಿನ ನಿಲ್ದಾಣದ ಚರ್ಚೆಯ ನಂತರ ಬಂದದ್ದೇ ಒಳ್ಳೆಯದಾಯಿತು.

ರಾಮನಗರ, ಚನ್ನಪಟ್ಟಣ ಎರಡೂ ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿವೆ. ಆದ್ದರಿಂದ ಮಕ್ಕಳ ಪ್ರಶ್ನೆ ಬರೀ ಪುಸ್ತಕದ್ದಲ್ಲ. ಉದ್ದೇಶವನ್ನು ‘ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಬೇಕು ಎಂದು ಕಾರಣ ಸಹಿತ ಬೇರ್ಪಡಿಸುವರು’ ಎಂದು ತಿದ್ದಿದೆ. ಚರ್ಚೆ ಬೆಳೆದು ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ಮಾರ್ಗದರ್ಶಕರು ಅದನ್ನು ಸರಿಯಾಗಿಯೇ ಗುರುತು ಹಾಕಿದರು. ಐದು ಪ್ರಶ್ನೆಗಳಲ್ಲಿ ಎರಡನ್ನು ಮನೆಗೆಲಸಕ್ಕೆ ಕೊಟ್ಟೆ.