ಇಂದಿನ ಧಮ್ಮ ಚಿಂತನೆ: ಪ್ರೊಫೈಲ್ ಬರೆಯುವಾಗಲೂ ನಾಲ್ಕನೆಯ ಶೀಲ





ಕಳೆದ ಭಾನುವಾರ ತ್ರಿಸರಣ, ಪಂಚಶೀಲ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಬಳಗದ ಒಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲ್ ತೋರಿಸಿದ. ಡೇಟಿಂಗ್ ಆ್ಯಪ್‌ನಲ್ಲಿ ಹಾಕಿದ್ದ ಅವನ ಪ್ರೊಫೈಲ್. "ಅಣ್ಣಾ, ಇದು ಸರಿ ಇದೆಯಾ ನೋಡಿ" ಅಂದ.

ಫೋಟೋ ಐದು ವರ್ಷ ಹಿಂದಿನದು. ಎತ್ತರಕ್ಕೆ ಎರಡು ಇಂಚು ಸೇರಿಕೊಂಡಿತ್ತು. ಹವ್ಯಾಸ ಪ್ರವಾಸ ಅಂತ ಇತ್ತು. ಅವನು ಮೂರು ವರ್ಷದಿಂದ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ. ಇಬ್ಬರೂ ನಕ್ಕೆವು.

ನಗಲಾಗದ ಮಾತನ್ನು ಆಮೇಲೆ ಹೇಳಿದ. ಒಬ್ಬ ಹುಡುಗಿಯ ಜೊತೆ ಮೂರು ವಾರದಿಂದ ಮಾತು ನಡೆದಿದೆ. ಇಬ್ಬರಿಗೂ ಇಷ್ಟವಾಗಿದೆ. ಮೊನ್ನೆ ಅವಳು "ನೀವು ಯಾವ ಪೈಕಿ?" ಎಂದು ಕೇಳಿದಳು. ಇವನು "ನಾವು ಮೈಸೂರು ಕಡೆಯವರು" ಎಂದು ಮಾತು ತೇಲಿಸಿದ. "ನಾನು ಸುಳ್ಳೇನೂ ಹೇಳಲಿಲ್ಲ ಅಣ್ಣಾ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ."

ಸುಳ್ಳು ಹೇಳದವನಿಗೆ ನಿದ್ದೆ ಯಾಕೆ ಬರಲಿಲ್ಲ? ಇಂದು ಇದನ್ನೇ ಯೋಚಿಸೋಣ.

ಬುದ್ಧರು ಮಗ ರಾಹುಲನಿಗೆ ಸತ್ಯದ ಪಾಠ ಹೇಳಿದ್ದು ನೀರಿನ ಪಾತ್ರೆಯಿಂದ. ತಳದಲ್ಲಿ ಉಳಿದ ಒಂದಿಷ್ಟು ನೀರು ತೋರಿಸಿ, ತಿಳಿದೂ ಸುಳ್ಳಾಡಲು ನಾಚದವನಲ್ಲಿ ಒಳ್ಳೆಯತನ ಇಷ್ಟೇ ಉಳಿಯುತ್ತದೆ ಎಂದರು. ನಂತರ, ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳಿದರು. ನೋಡಿಕೊಳ್ಳಲು ಎಂದ ರಾಹುಲ. ಹಾಗೆಯೇ ಪ್ರತಿ ಮಾತನ್ನೂ ಆಡುವ ಮುಂಚೆ, ಆಡುವಾಗ, ಆಡಿದ ಮೇಲೆ ನೋಡಿಕೊಳ್ಳಬೇಕು. ಇದರಿಂದ ನನಗಾಗಲಿ ಇನ್ನೊಬ್ಬರಿಗಾಗಲಿ ನೋವಾಗುತ್ತದೆಯೇ ಎಂದು ಕೇಳಿಕೊಳ್ಳಬೇಕು ಎಂದು ಕಲಿಸಿದರು. ನಮ್ಮ ತಮ್ಮನ ನಿದ್ದೆ ಕೆಡಿಸಿದ್ದು ಈ ಕನ್ನಡಿ. ಮಾತು ನಿಜವಿತ್ತು, ಆದರೆ ಎದುರಿನವರು ತಪ್ಪು ತಿಳಿಯಲಿ ಎಂಬ ಆಸೆ ಅದರೊಳಗಿತ್ತು.

ಹಾಗಾದರೆ ಪ್ರೊಫೈಲ್ ಹೇಗೆ ಬರೆಯಬೇಕು?

1. ಇರುವುದನ್ನು ಬರೆಯಿರಿ. ಈ ವರ್ಷದ ಫೋಟೋ ಹಾಕಿ. ಕೆಲಸ, ವಯಸ್ಸು, ಓದು ಇದ್ದ ಹಾಗೇ ಇರಲಿ. ಹಿಂದೆ ಮದುವೆಯಾಗಿದ್ದರೆ, ಮಗು ಇದ್ದರೆ ಅದನ್ನೂ ಹೇಳಿ. ಮೊದಲ ಭೇಟಿಯಲ್ಲೇ ಗೊತ್ತಾಗುವ ಸುಳ್ಳಿನಿಂದ ಯಾರಿಗೆ ಲಾಭ? ಫೋನ್ ನಂಬರ್, ಮನೆ ವಿಳಾಸ ಮಾತ್ರ ಹಾಕಬೇಡಿ. ಅದು ಮುಚ್ಚುಮರೆಯಲ್ಲ, ಎಚ್ಚರ.

2. ನಿಮ್ಮದೇ ಮಾತು ಬರೆಯಿರಿ. "ಸರಳ ವ್ಯಕ್ತಿ, ಸಂಗೀತ ಇಷ್ಟ" ಎಂದು ಸಾವಿರ ಜನ ಬರೆದಿರುತ್ತಾರೆ. ನಮ್ಮ ತಮ್ಮ ಭಾನುವಾರ ಸಂಜೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ. ಅವ್ವನಿಂದ ಮುದ್ದೆ ತಿರುವುವುದು ಕಲಿತಿದ್ದಾನೆ, ಇನ್ನೂ ಗಂಟಾಗುತ್ತದೆ. ಇದನ್ನೇ ಬರೆ ಎಂದೆ. ಓದಿದವರ ಮುಖದಲ್ಲಿ ನಗು ಬರುತ್ತದೆ, ಮಾತಿಗೆ ದಾರಿಯೂ ಆಗುತ್ತದೆ.

3. ಜಾತಿಯ ಕಾಲಂ. ಅದನ್ನು ಖಾಲಿ ಬಿಡುವುದು ಸುಳ್ಳೇ? ಅಲ್ಲ. ಧರ್ಮ ಎಂಬಲ್ಲಿ ಬೌದ್ಧ ಎಂದು ಬರೆಯಿರಿ. 1990ರ ತಿದ್ದುಪಡಿಯ ನಂತರ ಬೌದ್ಧರಾದ ನಮಗೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಿಗುತ್ತದೆ. ಅದು ನಮ್ಮ ಹಿರಿಯರಿಗೆ ಆದ ಅನ್ಯಾಯಕ್ಕೆ ಸರ್ಕಾರ ಕೊಡಬೇಕಾದ ಉತ್ತರ. ನಾನು ಯಾರು ಎಂಬುದಕ್ಕೆ ಉತ್ತರ ಅದಲ್ಲ. ಆದರೆ ಬೇರೆ ಜಾತಿಯ ಹೆಸರು ಹಾಕುವುದು, ನೇರವಾಗಿ ಕೇಳಿದಾಗ ತೇಲಿಸುವುದು ಬೇರೆ ಮಾತು. ನಾವು ಹಾಗೆ ಮುಚ್ಚಿಟ್ಟಾಗ, ನಾಚಿಕೆಪಡಬೇಕಾದವರು ನಾವೇ ಎಂದು ಒಪ್ಪಿಕೊಂಡಂತಾಗುತ್ತದೆ. ನಾಚಿಕೆಪಡಬೇಕಾದದ್ದು ಜಾತಿ ಮಾಡುವವರು.

ಹೇಳುವ ಹೊತ್ತು, ಜಾಗ ನಾವೇ ಆರಿಸಿಕೊಳ್ಳಬಹುದು. ನಿಜವೂ ಹಿತವೂ ಆದ ಮಾತನ್ನು ಸಹ ಕಾಲ ನೋಡಿ ಆಡುತ್ತೇನೆ ಎಂದು ಬುದ್ಧರು ಅಭಯ ರಾಜಕುಮಾರನಿಗೆ ತಿಳಿಸಿದ್ದರು. ಅಪರಿಚಿತರಿಗೆಲ್ಲ ಸಾರಬೇಕಿಲ್ಲ. ಆದರೆ ಎದುರಿನವರು ಮನಸ್ಸು ಕೊಡುವ ಮುಂಚೆ ಹೇಳಲೇಬೇಕು. ಅವರ ನಿರ್ಧಾರ ಅವರದಾಗಿರಲಿ.

4. ನಾವು ಏನು ಕೇಳುತ್ತೇವೆ? ಕನ್ನಡಿ ನಮ್ಮ ಕಡೆಗೂ ತಿರುಗಲಿ. ಬೌದ್ಧ ಎಂದು ಬರೆದುಕೊಂಡು, ಎದುರಿನವರು ಎಡಗೈಯೋ ಬಲಗೈಯೋ ಎಂದು ವಿಚಾರಿಸುವವರು ನಮ್ಮಲ್ಲೂ ಇದ್ದಾರೆ. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡೆನು ಎಂಬುದೂ ಇದೆ, ಮನುಷ್ಯರೆಲ್ಲ ಸಮಾನರು ಎಂಬುದೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು.

ನಕುಲಪಿತ, ನಕುಲಮಾತ ಎಂಬ ಗೃಹಸ್ಥ ದಂಪತಿ, ನಾವು ಎಂದೆಂದಿಗೂ ಜೊತೆಗಿರಲು ಏನು ಬೇಕು ಎಂದು ಬುದ್ಧರನ್ನು ಕೇಳಿದ್ದರು. ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ, ಈ ನಾಲ್ಕರಲ್ಲಿ ಇಬ್ಬರೂ ಸಮನಾಗಿರಬೇಕು ಎಂದರು ಬುದ್ಧರು. ಕುಲ, ಬಣ್ಣ, ಸಂಬಳ ಆ ಪಟ್ಟಿಯಲ್ಲಿಲ್ಲ. ಸಂಗಾತಿಯಲ್ಲಿ ಏನು ಬಯಸುತ್ತೀರಿ ಎಂಬ ಕಾಲಂ ತುಂಬುವಾಗ ಈ ನಾಲ್ಕು ನೆನಪಿರಲಿ.

ನಮ್ಮ ತಮ್ಮ ಪ್ರೊಫೈಲ್ ತಿದ್ದಿದ. ಆ ಹುಡುಗಿಗೂ ಎಲ್ಲ ಬರೆದು ಕಳಿಸಿದ: ಹುಟ್ಟಿದ್ದು ಇಂಥ ಕೇರಿಯಲ್ಲಿ, ಈಗ ಬೌದ್ಧ, ಮೊನ್ನೆ ಹೆದರಿ ಮಾತು ಬದಲಿಸಿದೆ, ಕ್ಷಮಿಸಿ. ಎರಡು ದಿನವಾಯಿತು, ಉತ್ತರ ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು. "ನೋವಿದೆ ಅಣ್ಣಾ, ಆದರೆ ಅಳುಕಿಲ್ಲ" ಅಂದ.

ಇಂದಿನ ಅಭ್ಯಾಸ: ಪ್ರೊಫೈಲ್ ಇರಲಿ, ವಾಟ್ಸಾಪ್ ಸ್ಟೇಟಸ್ ಇರಲಿ, ನಿಮ್ಮ ಬಗ್ಗೆ ನೀವೇ ಬರೆದುಕೊಂಡದ್ದನ್ನು ಒಮ್ಮೆ ಓದಿ. ಹೆದರಿ ಬರೆದ ಮಾತು ಅದರಲ್ಲಿ ಯಾವುದು? ಅದೊಂದನ್ನು ತಿದ್ದಿ.

ಭವತು ಸಬ್ಬ ಮಂಗಲಂ. ಜೈ ಭೀಮ್.